ಪಿಕಪ್ ವಾಹನಕ್ಕೆ ಟ್ರೇಲರ್ : ಡೀಸೆಲ್ ಉಳಿತಾಯದ ಲೆಕ್ಕಾಚಾರ

ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ವರ್ಷಾನುಗಟ್ಟಲೆಯಿಂದ ನಾನು ಗಮನಿಸುತ್ತ ಬಂದಿರುವ ಸಂಗತಿಯೊಂದಿದೆ. ಕಚ್ಚಾ ಸಾಮಗ್ರಿಯ ಬೆಲೆ ಕ್ವಿಂಟಾಲಿಗೆ ಹತ್ತು ರೂಪಾಯಿ ಏರಿದರೆ ಅರ್ಧ ದಿನ ಕುಳಿತು ಚೌಕಾಶಿ ಮಾಡುವವರು, ತಮ್ಮದೇ ವಾಹನ ತಿಂಗಳಿಗೆ ಎಷ್ಟು ಡೀಸೆಲ್ ಕುಡಿಯಿತೆಂಬುದನ್ನು ಬಂಕಿನವರು ಕಳುಹಿಸುವ ತಿಂಗಳ ಬಿಲ್ಲಿನ ಒಟ್ಟು ಮೊತ್ತದಿಂದ ಮಾತ್ರ ಅರಿಯುತ್ತಾರೆ. ಆ ಮೊತ್ತವು ಲಾಭ-ನಷ್ಟದ ತಃಖ್ತೆಯಲ್ಲಿ 'ವಾಹನ ವೆಚ್ಚ' ಎಂಬ ಒಂದೇ ಸಾಲಿನಲ್ಲಿ ಟೈರು, ರಿಪೇರಿ, ಚಾಲಕರ ಬಾಟಾಗಳ ಜೊತೆಗೆ ಬೆರೆತುಹೋಗುತ್ತದೆ. ಬೆರೆತ ಮೇಲೆ ಅದನ್ನು ಪ್ರಶ್ನಿಸುವವರು ಯಾರೂ ಇರುವುದಿಲ್ಲ.

ಗೌರಿಬಿದನೂರಿನ ಕಡೆ ಸಿಮೆಂಟ್ ಬ್ಲಾಕ್ ತಯಾರಿಸುವ ನಮ್ಮ ಗ್ರಾಹಕರೊಬ್ಬರು ಒಂದು ದಿನ ನನ್ನ ಕಚೇರಿಗೆ ಬಂದು ಒಂದು ಕೊಟೇಶನ್ ಮುಂದಿಟ್ಟರು. ಅವರಲ್ಲಿ ಒಂದೂವರೆ ಟನ್ ಹೊರುವ ಒಂದು ಪಿಕಪ್ ಇದೆ. ಅದರ ಹಿಂದೆ ಕೊಕ್ಕೆ ಹಾಕಿ ಎಳೆಯುವಂಥ ಎರಡು ಚಕ್ರದ ಟ್ರೇಲರ್ ಒಂದನ್ನು ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬೇಕೆಂಬುದು ಅವರ ಯೋಜನೆ. "ಸ್ವಾಮಿ, ದಿನಕ್ಕೆ ಎರಡು ಸಾರಿ ಹೋಗೋ ಬದಲು ಒಂದೇ ಸಾರಿ ಹೋಗಿ ಬಂದ್ರೆ ಅರ್ಧಕ್ಕರ್ಧ ಡೀಸೆಲ್ ಉಳೀತದಲ್ವಾ? ಒಂದೂವರೆ ಲಕ್ಷ ಸಾಲ ಕೊಡಿಸೋಕೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡಿ" ಎಂದರು. ಸಾಲಕ್ಕೆ ವರದಿ ಬರೆದುಕೊಡುವುದು ನಮ್ಮ ವೃತ್ತಿ. ಬರೆದುಕೊಟ್ಟು ಶುಲ್ಕ ಪಡೆಯಬಹುದಿತ್ತು. ಆದರೆ 'ಅರ್ಧಕ್ಕರ್ಧ' ಎಂಬ ಮಾತು ಕಿವಿಗೆ ಚುಚ್ಚಿತು. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಆ ಲೆಕ್ಕವು ಇತರ ಸದಸ್ಯರಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಪಿಕಪ್ ಹಿಂದೆ ಏನನ್ನಾದರೂ ಎಳೆದೊಯ್ಯುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಮನೆಯ ಮೋಲ್ಡ್ ಹಾಕುವ ದಿನ ಮುಂಜಾನೆ ಗೂಡ್ಸ್ ವಾಹನದ ಹಿಂದೆ ಕುಲುಕಾಡುತ್ತ ಸಾಗುವ ಕಾಂಕ್ರೀಟ್ ಮಿಕ್ಸರ್, ಮದುವೆ ಛತ್ರಕ್ಕೆ ಹೊರಟ ಜನರೇಟರ್ ಗಾಡಿ, ಇವು ನಿತ್ಯದ ನೋಟಗಳು. ಟ್ರ್ಯಾಕ್ಟರ್-ಟ್ರೇಲರ್ ಅಂತೂ ನಮ್ಮ ಹಳ್ಳಿಗಳ ಜೀವನಾಡಿ. ಆದರೆ ದಿನವೂ ಸರಕು ಸಾಗಿಸಲು ಪಿಕಪ್‌ಗೆ ಟ್ರೇಲರ್ ಜೋಡಿಸುವುದು ಅಮೆರಿಕ, ಆಸ್ಟ್ರೇಲಿಯಗಳಂಥ ದೇಶಗಳಲ್ಲಿ ಸಾಮಾನ್ಯವೇ ಹೊರತು ಇಲ್ಲಿ ಅಪರೂಪ. ಅಲ್ಲಿನ ಪಿಕಪ್‌ಗಳ ಎಂಜಿನ್ ಸಾಮರ್ಥ್ಯ ನಮ್ಮವುಗಳಿಗಿಂತ ಬಹಳ ಹೆಚ್ಚು. ಎಷ್ಟು ತೂಕ ಎಳೆಯಬಹುದೆಂಬುದನ್ನು ಅಲ್ಲಿ ತಯಾರಕರೇ ಲಿಖಿತವಾಗಿ ನಮೂದಿಸುತ್ತಾರೆ. ಈ ವ್ಯತ್ಯಾಸ ನೆನಪಿರಲಿ.

ಕಿಲೋಮೀಟರ್ ಲೆಕ್ಕ ಬೇರೆ, ಟನ್ ಲೆಕ್ಕ ಬೇರೆ

"ನಿಮ್ಮ ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ?" ಎಂದು ಕೇಳಿದರೆ ಎಲ್ಲರೂ ಲೀಟರಿಗೆ ಇಷ್ಟು ಕಿಲೋಮೀಟರ್ ಎಂದೇ ಹೇಳುತ್ತಾರೆ. ಸ್ಕೂಟರಿಗೂ ಕಾರಿಗೂ ಈ ಉತ್ತರ ಸರಿ. ಸರಕಿನ ವಾಹನಕ್ಕೆ ಇದರಿಂದ ಪ್ರಯೋಜನ ಕಡಿಮೆ. ಏಕೆಂದರೆ ಖಾಲಿ ಓಡುವ ಪಿಕಪ್‌ನ ಮೈಲೇಜೇ ಅತ್ಯುತ್ತಮವಾಗಿರುತ್ತದೆ, ಅದರಿಂದ ಸಂಪಾದನೆ ಸೊನ್ನೆ. ಒಂದು ಟನ್ ಸರಕನ್ನು ಗಿರಾಕಿಯ ಬಾಗಿಲಿಗೆ ಮುಟ್ಟಿಸಿ ವಾಹನವು ಮನೆಗೆ ಮರಳುವವರೆಗೆ ಎಷ್ಟು ಲೀಟರ್ ಖರ್ಚಾಯಿತೆಂಬುದೇ ವ್ಯಾಪಾರಿಗೆ ಬೇಕಾದ ಅಂಕಿ.

ನಮ್ಮ ಗ್ರಾಹಕರ ವ್ಯವಹಾರವನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು. ಓದುಗರು ತಮ್ಮ ವಾಹನದ ಅಂಕಿಗಳನ್ನು ಹಾಕಿಕೊಳ್ಳಬೇಕು. ನಲವತ್ತು ಕಿಲೋಮೀಟರ್ ದೂರದ ಕಟ್ಟಡಕ್ಕೆ ಮೂರು ಟನ್ ಬ್ಲಾಕ್ ಕಳುಹಿಸಬೇಕು. ಪಿಕಪ್ ಒಂದೇ ಆದರೆ, ಒಂದೂವರೆ ಟನ್ ಹೊತ್ತು ಹೋಗುವಾಗ ಲೀಟರಿಗೆ 12 ಕಿ.ಮೀ., ಖಾಲಿ ಬರುವಾಗ 15 ಕಿ.ಮೀ. ಎಂದಿಟ್ಟುಕೊಳ್ಳಿ. ಎರಡು ಸಾರಿ ಹೋಗಿಬರಲು ಒಟ್ಟು 12 ಲೀಟರ್, ಅಂದರೆ ಟನ್ನಿಗೆ 4 ಲೀಟರ್.

ಈಗ ಟ್ರೇಲರ್ ಜೋಡಿಸೋಣ. ಅದರ ಸ್ವಂತ ತೂಕ ಆರುನೂರು ಕಿಲೋ, ಸರಕು ಒಂದೂವರೆ ಟನ್. ಮೈಲೇಜ್ ಅರ್ಧಕ್ಕೆ ಇಳಿಯುವುದಿಲ್ಲ. ಎಂಜಿನ್ನಿನ ಒಳ ಘರ್ಷಣೆ, ಪಿಕಪ್‌ನ ಸ್ವಂತ ತೂಕ, ಅದರ ಮುಖಕ್ಕೆ ಬಡಿಯುವ ಗಾಳಿ ಇವು ಇಮ್ಮಡಿಯಾಗುವುದಿಲ್ಲವಲ್ಲ. ತುಂಬಿಕೊಂಡು ಹೋಗುವಾಗ ಲೀಟರಿಗೆ ಎಂಟೂವರೆ, ಖಾಲಿ ಟ್ರೇಲರ್ ಎಳೆದು ಬರುವಾಗ 12 ಕಿ.ಮೀ. ಎಂದು ಹಿಡಿದರೆ ಒಂದೇ ಸಾರಿಗೆ ಸುಮಾರು 8 ಲೀಟರ್. ಟನ್ನಿಗೆ 2.7 ಲೀಟರ್ ಬಿತ್ತು. ಎರಡು ಟ್ರಿಪ್‌ನ ದಿನದಲ್ಲಿ 4 ಲೀಟರ್ ಉಳಿತಾಯ. ಡೀಸೆಲನ್ನು 90 ರೂಪಾಯಿಯಂತೆ ಲೆಕ್ಕ ಹಿಡಿದರೆ 360 ರೂಪಾಯಿ. ಅರ್ಧಕ್ಕರ್ಧ ಅಲ್ಲದಿದ್ದರೂ ಮೂರರಲ್ಲಿ ಒಂದು ಪಾಲು ಉಳಿಯಿತು. ಗ್ರಾಹಕರ ಮುಖ ಅರಳಿತು.

ಇಲ್ಲಿಗೆ ಲೆಕ್ಕ ನಿಲ್ಲಿಸಿದ್ದರೆ ವರದಿ ಚೆನ್ನಾಗಿಯೇ ಇರುತ್ತಿತ್ತು. ಆದರೆ ಮೂರು ಟನ್ ಹೊರುವ ಆರು ಚಕ್ರದ ಸಣ್ಣ ಲಾರಿಯೊಂದು ಇದೇ ಕೆಲಸಕ್ಕೆ ಹೋದರೆ ಏನಾಗುತ್ತದೆ? ತುಂಬಿದಾಗ ಲೀಟರಿಗೆ 9, ಖಾಲಿಯಾದಾಗ 11 ಕಿ.ಮೀ. ಎಂದಿಟ್ಟರೂ ಅದಕ್ಕೂ 8 ಲೀಟರ್ ಚಿಲ್ಲರೆಯೇ. ಹಾಗಾದರೆ ಉಳಿತಾಯವು ಟ್ರೇಲರಿನ ಮಹಿಮೆಯಲ್ಲ, ಎರಡು ಟ್ರಿಪ್‌ನ ಸರಕು ಒಂದೇ ಟ್ರಿಪ್‌ನಲ್ಲಿ ಹೋದದ್ದರ ಫಲ. ಅದನ್ನು ಬಾಡಿಗೆ ಲಾರಿಯಿಂದಲೂ ಪಡೆಯಬಹುದು. ಅದಕ್ಕೆ ಮೂರು ಟನ್ನನ್ನು ನಿಲ್ಲಿಸಬಲ್ಲ ಬ್ರೇಕೂ ಇರುತ್ತದೆ.

ಕಳಚದ ಕೊಕ್ಕೆ

ಮುಂದಿನ ಪ್ರಶ್ನೆಯನ್ನು ನಾನು ಕೇಳಿದೆ: "ತಿಂಗಳಲ್ಲಿ ಎಷ್ಟು ದಿನ ಮೂರು ಟನ್ ಆರ್ಡರ್ ಇರುತ್ತದೆ?" ಅವರು ಸ್ವಲ್ಪ ಯೋಚಿಸಿ, ಏಳೆಂಟು ದಿನ ಎಂದರು. ಉಳಿದ ದಿನ ಒಂದೂವರೆ ಟನ್, ಕೆಲವೊಮ್ಮೆ ಅದೂ ಇಲ್ಲ.

ಟ್ರೇಲರನ್ನು ಬೇಡವಾದ ದಿನ ಕಳಚಿಡಬೇಕು. ಕಾಗದದ ಮೇಲೆ ಇದು ಸುಲಭ. ವಾಸ್ತವದಲ್ಲಿ ಒಮ್ಮೆ ಹಾಕಿದ ಕೊಕ್ಕೆಯನ್ನು ಚಾಲಕರು ಕಳಚುವುದಿಲ್ಲ. ಇಬ್ಬರು ಹಿಡಿದು ಸರಿಸಬೇಕು, ಅಂಗಳದಲ್ಲಿ ಜಾಗ ಬೇಕು, "ನಾಳೆ ಮತ್ತೆ ಬೇಕಾಗಬಹುದು" ಎಂಬ ನೆಪವಂತೂ ಸದಾ ಇದ್ದೇ ಇದೆ. ಮದುವೆ ಮುಗಿದು ವಾರವಾದರೂ ಮನೆಯ ಮುಂದಿನ ಚಪ್ಪರ ಬಿಚ್ಚದವರ ಪೈಕಿ ನಾವು. ಒಂದೂವರೆ ಟನ್ ಸರಕನ್ನು ಪಿಕಪ್ ಮತ್ತು ಟ್ರೇಲರಿನಲ್ಲಿ ಹಂಚಿಕೊಂಡು ಹೋಗಿ ಖಾಲಿ ಬಂದರೆ, ಹೋಗುವಾಗ ಲೀಟರಿಗೆ ಹತ್ತೂವರೆ, ಬರುವಾಗ 12 ಎಂದಿಟ್ಟರೆ, 7 ಲೀಟರ್ ಮೀರಿ ಖರ್ಚಾಗುತ್ತದೆ. ಟ್ರೇಲರ್ ಇಲ್ಲದೆ ಇದೇ ಕೆಲಸಕ್ಕೆ 6 ಲೀಟರ್ ಸಾಕು. ಅಂದರೆ ಬಿಡುವಿನ ದಿನವೊಂದಕ್ಕೆ ಹೆಚ್ಚುಕಡಿಮೆ 1.14 ಲೀಟರ್, ನೂರು ರೂಪಾಯಿ ಚಿಲ್ಲರೆ ನಷ್ಟ.

ತಿಂಗಳಿಗೆ 26 ಕೆಲಸದ ದಿನ. ಎಂಟು ದಿನ ತಲಾ 360 ರೂಪಾಯಿಯಂತೆ 2,880 ರೂಪಾಯಿ ಲಾಭ. ಉಳಿದ 18 ದಿನ ತಲಾ 103 ರೂಪಾಯಿಯಂತೆ ಸುಮಾರು 1,850 ರೂಪಾಯಿ ನಷ್ಟ. ನಿವ್ವಳ ಉಳಿತಾಯ ತಿಂಗಳಿಗೆ 1,030, ವರ್ಷಕ್ಕೆ ಸುಮಾರು 12,400 ರೂಪಾಯಿ. ಒಂದೂವರೆ ಲಕ್ಷ ಸಾಲಕ್ಕೆ ಶೇ. 10ರಂತೆ ಮೊದಲ ವರ್ಷದ ಬಡ್ಡಿಯೇ 15,000 ರೂಪಾಯಿ. ಟೈರು, ವಿಮೆ, ಸವಕಳಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ದಿನಕ್ಕೆ 4 ಲೀಟರ್ ಉಳಿಸುವ ಯಂತ್ರವೊಂದು ವರ್ಷದ ಕೊನೆಗೆ ಬಡ್ಡಿಯನ್ನೂ ದುಡಿಯದೆ ನಿಂತದ್ದನ್ನು ಕಂಡು ನಮ್ಮ ಗ್ರಾಹಕರು ಕ್ಯಾಲ್ಕುಲೇಟರನ್ನು ತಮ್ಮ ಕೈಗೆ ತೆಗೆದುಕೊಂಡು ಮತ್ತೊಮ್ಮೆ ಒತ್ತಿ ನೋಡಿದರು. ಪ್ರತಿದಿನವೂ ತಪ್ಪದೆ ಕೊಕ್ಕೆ ಕಳಚಿದರೆ? ಆಗ ತಿಂಗಳಿಗೆ 2,880 ರೂಪಾಯಿ ಪೂರ್ತಿ ಉಳಿಯುತ್ತದೆ, ಲೆಕ್ಕ ಸರಿಹೋಗಲೂಬಹುದು. ಮೂರು ಟನ್ ಆರ್ಡರ್ ದಿನವೂ ಇರುವವರಿಗಂತೂ ಟ್ರೇಲರ್ ಲಾಭದ್ದೇ ಎಂದು ಕಾಣುತ್ತದೆ. ಆದರೆ ಅಂಥವರು ಟ್ರೇಲರ್ ಬದಲು ದೊಡ್ಡ ವಾಹನವನ್ನೇ ಯೋಚಿಸಬೇಕಾಗುತ್ತದೆ.

ಏರುದಾರಿಯ ತೂಕ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ನಾಲ್ಕೂ ಪಟ್ಟಣಗಳನ್ನು ಒಂದೇ ರಾಷ್ಟ್ರೀಯ ಹೆದ್ದಾರಿ ಪೋಣಿಸುತ್ತದೆ. ಹಿಂದೆ 234 ಎನ್ನುತ್ತಿದ್ದುದು, ಈಗ 69. ನಕ್ಷೆಯಲ್ಲಿ ನೋಡಿದರೆ ನೇರ ದಾರಿ. ಆದರೆ ಗೌರಿಬಿದನೂರು ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿದ್ದರೆ ಚಿಕ್ಕಬಳ್ಳಾಪುರ ಸುಮಾರು 915 ಮೀಟರ್ ಎತ್ತರದಲ್ಲಿದೆ. ಇನ್ನೂರಿಪ್ಪತ್ತು ಮೀಟರಿನ ಈ ಏರಿಕೆ ಕಾರಿನಲ್ಲಿ ಕುಳಿತವರ ಅರಿವಿಗೆ ಬಾರದು. ತುಂಬಿದ ವಾಹನಕ್ಕೆ ಚೆನ್ನಾಗಿ ಅರಿವಾಗುತ್ತದೆ.

ಒಂದು ಟನ್ ತೂಕವನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 0.98 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೂ ಅದರ ಕಾಲುಭಾಗದಷ್ಟು ಮಾತ್ರ ಚಕ್ರ ತಲುಪುತ್ತದೆಂದು ಹಿಡಿಯಬೇಕು. ಉಳಿದದ್ದು ಬಿಸಿಯಾಗಿ, ಹೊಗೆಯಾಗಿ ಹೋಗುತ್ತದೆ. ಹೀಗಾಗಿ ಪ್ರತಿ ಟನ್ನಿಗೆ, ಪ್ರತಿ ನೂರು ಮೀಟರ್ ಏರಿಕೆಗೆ, ನೂರು ಮಿಲಿಲೀಟರಿಗಿಂತ ತುಸು ಹೆಚ್ಚು ಡೀಸೆಲ್ ಎಂದು ನೆನಪಿಟ್ಟುಕೊಂಡರೆ ಸಾಕು. ವಾಹನ ಮತ್ತು ಸರಕು ಸೇರಿ 3.2 ಟನ್ ಇರುವ ಪಿಕಪ್ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಏರಿದರೆ, ಸಮತಟ್ಟು ರಸ್ತೆಯ ಖರ್ಚಿನ ಮೇಲೆ ಮುಕ್ಕಾಲು ಲೀಟರ್ ಹೆಚ್ಚುವರಿ. ಟ್ರೇಲರ್ ಸೇರಿ 5.3 ಟನ್ ಆದರೆ ಒಂದೂಕಾಲು ಲೀಟರ್. ಎರಡು ಟ್ರಿಪ್‌ಗೆ ಹೋಲಿಸಿದರೆ ಇಲ್ಲಿಯೂ ಟ್ರೇಲರಿಗೇ ಅಲ್ಪ ಅನುಕೂಲ ನಿಜ. ಆದರೆ ಒಂದೂವರೆ ಟನ್ನಿಗೆಂದು ರೂಪಿಸಿದ ಕ್ಲಚ್ಚು ಮೂರು ಟನ್ ಸರಕನ್ನು ಒಂದನೇ, ಎರಡನೇ ಗೇರಿನಲ್ಲಿ ಏರಿಸುವಾಗ ತೆರುವ ಬೆಲೆ ಬಂಕಿನ ಬಿಲ್ಲಿನಲ್ಲಿ ಕಾಣದು. ಅದು ಗ್ಯಾರೇಜಿನ ಬಿಲ್ಲಿನಲ್ಲಿ ಬರುತ್ತದೆ. ಎತ್ತಿನ ಗಾಡಿಯ ಕಾಲದವರು ದಿಬ್ಬ ಬಂದಾಗ ಇನ್ನೊಂದು ಜೊತೆ ಎತ್ತು ಕಟ್ಟುತ್ತಿದ್ದರು. ಎಂಜಿನ್ನಿಗೆ ಆ ಅನುಕೂಲವಿಲ್ಲ.

ಏರಿದ್ದು ಇಳಿಯುವಾಗ ವಾಪಸು ಸಿಗುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪ ಸಿಗುತ್ತದೆ, ಬ್ರೇಕ್ ಒತ್ತಿದಷ್ಟೂ ಅದು ಬ್ರೇಕಿನ ಬಿಸಿಯಾಗಿ ಕರಗುತ್ತದೆ. ತನ್ನದೇ ಬ್ರೇಕ್ ಇಲ್ಲದ ಟ್ರೇಲರ್ ಇಳಿಜಾರಿನಲ್ಲಿ ಮುಂದಿನ ವಾಹನವನ್ನು ತಳ್ಳುತ್ತದೆ. ಮಳೆಯ ದಿನ ತಿರುವಿನಲ್ಲಿ ಹೀಗಾದರೆ ಉಳಿತಾಯದ ಮಾತೇ ಉಳಿಯುವುದಿಲ್ಲ.

ಸರಕಿಗೆ ತಕ್ಕ ಲೆಕ್ಕ

ಬ್ಲಾಕಿನ ಲೆಕ್ಕ ಎಲ್ಲ ಸರಕಿಗೂ ಹೊಂದುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಬರುವ ಗೂಡು, ಚಿಕ್ಕಬಳ್ಳಾಪುರದಿಂದ ಹೊರಡುವ ಸೇವಂತಿಗೆ, ಗುಲಾಬಿ ಇವೆಲ್ಲ ಜಾಗ ತುಂಬುವ ಸರಕುಗಳು, ತೂಕ ಕಡಿಮೆ. ಇವುಗಳಿಗೆ ಡೀಸೆಲ್ ಹೋಗುವುದು ಭಾರ ಎಳೆಯಲು ಅಲ್ಲ, ಗಾಳಿಯನ್ನು ಸೀಳಲು. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಂದು ರೂಪಾಯಿಯಷ್ಟಿದ್ದ ತಡೆ 80ಕ್ಕೆ ಏರಿದಾಗ ಎರಡೂವರೆ ರೂಪಾಯಿ ದಾಟುತ್ತದೆ. ಬೆಂಗಳೂರು-ಹೈದರಾಬಾದ್ ಹೆದ್ದಾರಿ ವಿಸ್ತಾರವಾದ ಮೇಲೆ ನಮ್ಮ ಹೂವಿನ ಗಾಡಿಗಳು ಬೆಳಗಿನ ಜಾವ ಓಡುವ ವೇಗವನ್ನು ನೋಡಿದವರಿಗೆ ಇದರ ಅರ್ಥ ಆಗುತ್ತದೆ. ಮಾರುಕಟ್ಟೆಗೆ ಹತ್ತು ನಿಮಿಷ ಮೊದಲು ತಲುಪಿದರೆ ಹೂವಿಗೆ ಹೆಚ್ಚು ಬೆಲೆ ಸಿಗುವುದಾದರೆ ಆ ವೇಗ ಸಮರ್ಥನೀಯ. ಖಾಲಿ ಬರುವಾಗಲೂ ಅದೇ ವೇಗ ಏಕೆ? ಬಿಗಿಯಾಗಿ ಕಟ್ಟದೆ ಪಟಪಟನೆ ಬಡಿಯುವ ಟಾರ್ಪಾಲೂ ಡೀಸೆಲ್ ತಿನ್ನುತ್ತದೆ. ಇಂಥ ಸರಕಿಗೆ ಟ್ರೇಲರ್ ಎಂದರೆ ಗಾಳಿಗೆ ಒಡ್ಡಿದ ಇನ್ನೊಂದು ಎದೆ, ಅಷ್ಟೇ.

ಚಿಂತಾಮಣಿಯ ಟೊಮೆಟೊ ವರ್ತಕರ ಪರಿಸ್ಥಿತಿ ಬೇರೆ. ಹದಿನೈದು ಕಿಲೋ ಬಾಕ್ಸ್ ನೂರು ಹಾಕಿದರೆ ಪಿಕಪ್ ತುಂಬಿತು. ಭಾರದ ಸರಕು, ಆದರೆ ಸೂಕ್ಷ್ಮ. ಎರಡು ಚಕ್ರದ ಟ್ರೇಲರ್ ಹಳ್ಳಿಯ ರಸ್ತೆಯಲ್ಲಿ ಕುಪ್ಪಳಿಸುವ ರೀತಿಗೆ ತಳಸಾಲಿನ ಬಾಕ್ಸ್‌ಗಳ ಗತಿ ಏನಾಗುವುದೆಂದು ಹೇಳಬೇಕಾಗಿಲ್ಲ. ಬೆಲೆ ಇರುವ ಕಾಲದಲ್ಲಿ ಒಂದು ಬಾಕ್ಸ್ ಹಣ್ಣು ಒಡೆದರೆ ನಾಲ್ಕು ಲೀಟರ್ ಡೀಸೆಲ್ ಹಣ ಹೋಯಿತು. ಬೆಲೆ ಇಲ್ಲದ ಕಾಲದಲ್ಲಿ ಸಾಗಣೆ ವೆಚ್ಚವೇ ಹಣ್ಣಿನ ಬೆಲೆಯನ್ನು ನುಂಗುತ್ತದೆ. ಆ ದಿನಗಳಲ್ಲಿ ಇಬ್ಬರು ಮೂವರು ವರ್ತಕರು ಸೇರಿ ದೊಡ್ಡ ಲಾರಿ ತುಂಬಿಸುವುದರಿಂದ ಆಗುವ ಉಳಿತಾಯವನ್ನು ಯಾವ ಟ್ರೇಲರೂ ಕೊಡಲಾರದು.

ಟ್ರ್ಯಾಕ್ಟರಿನ ಬಗ್ಗೆ ಒಂದು ಮಾತು. ಹೊಲದಿಂದ ಕಣಕ್ಕೆ, ಕಣದಿಂದ ಐದಾರು ಕಿಲೋಮೀಟರ್ ದೂರದ ಗೋದಾಮಿಗೆ ಮುಸುಕಿನ ಜೋಳ ಸಾಗಿಸಲು ಅದನ್ನು ಮೀರಿಸಿದ್ದು ಇಲ್ಲ. ಆದರೆ ಟ್ರ್ಯಾಕ್ಟರಿನ ಖರ್ಚನ್ನು ಗಂಟೆಯ ಮೇಲೆ ಎಣಿಸಬೇಕು. ಗಂಟೆಗೆ 4 ಲೀಟರ್ ಕುಡಿದು 20 ಕಿ.ಮೀ. ಸಾಗುವುದಾದರೆ ನಲವತ್ತು ಕಿಲೋಮೀಟರ್ ಹೋಗಿಬರಲು 16 ಲೀಟರ್ ಬೇಕು. ಚಾಲಕನ ದಿನವೂ ಮುಗಿಯಿತು. ಕೃಷಿ ಉಪಯೋಗಕ್ಕೆಂದು ನೋಂದಾಯಿಸಿ ವಿಮೆ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಇಟ್ಟಿಗೆ, ಜಲ್ಲಿಗಳ ಬಾಡಿಗೆ ಹೊಡೆದು ಅಪಘಾತವಾದರೆ ವಿಮಾ ಕಂಪನಿಗಳು ಪರಿಹಾರಕ್ಕೆ ತಕರಾರು ತೆಗೆಯುವುದು ನ್ಯಾಯಾಲಯಗಳಿಗೆ ಚಿರಪರಿಚಿತ.

ಕಾಯ್ದೆ ಹಾಗೂ ತೆರಿಗೆ

ಮೋಟಾರು ವಾಹನ ಕಾಯ್ದೆ 1988ರ ವ್ಯಾಖ್ಯೆಯಂತೆ ಟ್ರೇಲರ್ ಕೂಡ 'ಮೋಟಾರು ವಾಹನ'ವೇ. ಎಂಜಿನ್ ಇಲ್ಲವೆಂದ ಮಾತ್ರಕ್ಕೆ ಅದು ಕೇವಲ ಕಬ್ಬಿಣದ ಪೆಟ್ಟಿಗೆಯಾಗುವುದಿಲ್ಲ. ಅದಕ್ಕೆ ನೋಂದಣಿ ಬೇಕು, ವಿಮೆ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಮನಸ್ಸಿಗೆ ಬಂದ ಅಳತೆಯಲ್ಲಿ ಮಾಡಿಸಿದ ಗಾಡಿಗೆ ಇವೆರಡನ್ನೂ ಪಡೆಯುವುದು ಸುಲಭವಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಗೂಡ್ಸ್ ವಾಹನಗಳಿಗೆ ಪರ್ಮಿಟ್ ಬೇಡವೆಂಬ ವಿನಾಯಿತಿ ಅದೇ ಕಾಯ್ದೆಯ 66ನೇ ಕಲಮಿನಲ್ಲಿದೆ. ಇದನ್ನು ನೆಚ್ಚಿಕೊಂಡಿರುವ ಸದಸ್ಯರು ಟ್ರೇಲರ್ ಜೋಡಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿಕೊಳ್ಳುವುದು ಒಳಿತು. ಅನುಮತಿಸಿದ ತೂಕ ಮೀರಿದರೆ, 2019ರಲ್ಲಿ ತಿದ್ದುಪಡಿಯಾದ 194ನೇ ಕಲಮಿನಂತೆ ದಂಡ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಮೇಲೆ ಲೆಕ್ಕ ಹಾಕಿದ ವರ್ಷದ ಉಳಿತಾಯ 12,400 ಎಂಬುದನ್ನು ಜ್ಞಾಪಿಸಿಕೊಳ್ಳಿ. ಕಾನೂನು ಉಲ್ಲಂಘನೆಗೆ ತೆತ್ತ ದಂಡವನ್ನು ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲು ಬರುವುದಿಲ್ಲ ಎಂಬುದು ಇನ್ನೊಂದು ಪೆಟ್ಟು.

ಡೀಸೆಲ್ ಮೇಲಿನ ತೆರಿಗೆಯ ವಿಷಯವನ್ನು ನಮ್ಮ ಬಹುಪಾಲು ಸದಸ್ಯರು ಮರೆಯುತ್ತಾರೆ. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯನ್ನು ನಿಯಂತ್ರಣಮುಕ್ತಗೊಳಿಸಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್‌ಗಳು ಅದರ ಹೊರಗೇ ಉಳಿದವು. ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಏರಿಸಿ, 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೆ ಒಯ್ದಿತು. ಹೀಗೆ ತೆತ್ತ ತೆರಿಗೆಯಲ್ಲಿ ಒಂದು ಪೈಸೆಯೂ ಹೂಡುವಳಿ ತೆರಿಗೆಯಾಗಿ ಮರಳಿ ಸಿಗುವುದಿಲ್ಲ. ಬ್ಲಾಕ್ ತಯಾರಿಕೆಗೆ ಕೊಂಡ ಸಿಮೆಂಟಿನ ಮೇಲಿನ ತೆರಿಗೆ ಸಿಗುತ್ತದೆ, ಸರಕಿನ ವಾಹನ ಕೊಂಡಾಗಿನ ಜಿಎಸ್‌ಟಿಯೂ ನೋಂದಾಯಿತರಿಗೆ ಸಿಗುತ್ತದೆ (ಕಾಂಪೊಸಿಷನ್ ಪದ್ಧತಿಯವರಿಗೆ ಇಲ್ಲ). 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು, ದೊಡ್ಡ ವಾಹನದ ಯೋಚನೆಯಲ್ಲಿರುವವರಿಗೆ ಗಮನಾರ್ಹ. ಡೀಸೆಲ್ ಮಾತ್ರ ಸಂಪೂರ್ಣ ಕೈಯಿಂದ ಹೋಗುವ ಹಣ.

ವಾಹನ ಬಾಡಿಗೆಯನ್ನೇ ವೃತ್ತಿಯಾಗಿಸಿಕೊಂಡವರ ವಿಷಯ ಸ್ವಲ್ಪ ಭಿನ್ನ. 44ಎಇ ಕಲಂ ಎಂದೇ ನಮಗೆಲ್ಲ ಪರಿಚಿತವಾಗಿದ್ದು 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಮುಂದುವರಿದ ಪದ್ಧತಿಯಂತೆ, ಹತ್ತಕ್ಕಿಂತ ಹೆಚ್ಚು ವಾಹನ ಇಲ್ಲದವರು ಸಣ್ಣ ವಾಹನವೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಅಂದಾಜು ಆದಾಯ ತೋರಿಸಬಹುದು. ಇವರು ಡೀಸೆಲ್ ಉಳಿಸಿದರೂ ಉಳಿಸದಿದ್ದರೂ ಆದಾಯ ಅಷ್ಟೇ, ಉಳಿಸಿದ್ದೆಲ್ಲ ಜೇಬಿಗೆ. ಸ್ವಂತ ಸರಕನ್ನು ಮಾತ್ರ ಸಾಗಿಸುವ ತಯಾರಕರಿಗೆ ಈ ಪದ್ಧತಿ ಅನ್ವಯಿಸದು. ಪಾಲುದಾರಿಕೆ ಸಂಸ್ಥೆಯಾದರೆ ಉಳಿಸಿದ ನೂರು ರೂಪಾಯಿಯಲ್ಲಿ ಮೂವತ್ತೊಂದು ತೆರಿಗೆಗೆ ಹೋಗುತ್ತದೆ.

ಖಾಲಿ ಬರುವ ದಾರಿ

ಮತ್ತೆ ನಮ್ಮ ಗ್ರಾಹಕರ ವಿಷಯಕ್ಕೆ ಬರೋಣ. ಟ್ರೇಲರ್ ಬೇಡವೆಂದಾದ ಮೇಲೆ ಅವರಿಗೆ ಸಹಜವಾಗಿಯೇ ನಿರಾಶೆಯಾಯಿತು. ಆಗ ನಾನು ಅವರ ಖರೀದಿ ಖಾತೆಯನ್ನು ತೆರೆದೆ. ಬ್ಲಾಕಿಗೆ ಬೇಕಾದ ಕ್ರಷರ್ ಡಸ್ಟ್ ಅವರಿಗೆ ಬರುತ್ತಿದ್ದುದು ಚಿಕ್ಕಬಳ್ಳಾಪುರದ ಕಡೆಯಿಂದ, ಬಾಡಿಗೆ ಟಿಪ್ಪರಿನಲ್ಲಿ. ಅವರದೇ ಪಿಕಪ್ ಅದೇ ಚಿಕ್ಕಬಳ್ಳಾಪುರದ ಕಡೆಯಿಂದ ಪ್ರತಿದಿನ ಖಾಲಿ ವಾಪಸಾಗುತ್ತಿತ್ತು.

ಲೆಕ್ಕ ನೋಡಿ. ಹೋಗುವಾಗ ಒಂದೂವರೆ ಟನ್ ಬ್ಲಾಕ್, ಬರುವಾಗ ಒಂದೂವರೆ ಟನ್ ಡಸ್ಟ್. ಎರಡೂ ಕಡೆ ಲೀಟರಿಗೆ 12 ಕಿ.ಮೀ. ಎಂದರೆ 6.7 ಲೀಟರಿಗೆ ಮೂರು ಟನ್ ಸಾಗಿತು, ಟನ್ನಿಗೆ 2.2 ಲೀಟರ್. ಟ್ರೇಲರ್ ತುಂಬಿಸಿ ಖಾಲಿ ಬಂದಾಗ ಬಿದ್ದದ್ದು ಟನ್ನಿಗೆ 2.7. ಒಂದು ರೂಪಾಯಿ ಬಂಡವಾಳ ಹೂಡದೆ ಟ್ರೇಲರಿಗಿಂತ ಕಡಿಮೆ ಖರ್ಚು! ಇನ್ನೊಂದು ರೀತಿ ಹೇಳುವುದಾದರೆ, ಹೇಗಿದ್ದರೂ ಬರಲೇಬೇಕಾದ ಗಾಡಿಯಲ್ಲಿ ಒಂದೂವರೆ ಟನ್ ಡಸ್ಟ್ ತರಲು ತಗುಲುವ ಹೆಚ್ಚುವರಿ ಡೀಸೆಲ್ ಮುಕ್ಕಾಲು ಲೀಟರಿಗಿಂತ ಕಡಿಮೆ, ಅರವತ್ತು ರೂಪಾಯಿ.

ತೊಡಕುಗಳಿಲ್ಲವೆಂದಲ್ಲ. ಕ್ರಷರ್ ದಾರಿಯಿಂದ ದೂರವಿದ್ದರೆ ಅಷ್ಟು ಕಿಲೋಮೀಟರ್ ಸೇರಿಸಬೇಕು. ಖನಿಜ ಸಾಗಣೆಯ ಪರವಾನಗಿ ಚೀಟಿ ಇಲ್ಲದೆ ಡಸ್ಟ್ ತುಂಬಕೂಡದು. ಇಳಿಸುವ ಕೂಲಿ ಇದೆ. ವೇಬ್ರಿಡ್ಜ್‌ನಲ್ಲಿ ತೂಗದೆ "ಇನ್ನೆರಡು ಬಕೆಟ್ ಹಾಕಪ್ಪ" ಎಂದರೆ ಮತ್ತೆ ಅದೇ 194ನೇ ಕಲಂ ಎದುರಾಗುತ್ತದೆ. ಎಲ್ಲ ದಿನವೂ ಇದು ಸಾಧ್ಯವಿಲ್ಲ. ವಾರಕ್ಕೆ ಮೂರು ದಿನ ಸಾಧ್ಯವಾದರೂ ಸಾಕೆಂದು ಒಪ್ಪಿದೆವು.

ಇದನ್ನೆಲ್ಲ ಅಳೆಯುವುದು ಹೇಗೆ? ಬಂಕಿನ ತಿಂಗಳ ಖಾತೆಯಿಂದ ಸಾಧ್ಯವಿಲ್ಲ. ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ ಮೀಟರ್ ಓದಿ ಬರೆದುಕೊಳ್ಳಿ. ನಾಲ್ಕೈದು ದಿನ ಓಡಿಸಿ. ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಕತ್ತಿನವರೆಗೆ ತುಂಬಿಸಿ. ಎರಡನೆಯ ಬಾರಿ ಹಿಡಿದ ಡೀಸೆಲ್ಲೇ ಈ ನಡುವಿನ ನಿಜವಾದ ಖರ್ಚು. ಪ್ರತಿ ಟ್ರಿಪ್‌ಗೂ ಒಂದು ಸಾಲು: ಹೊರಟಾಗಿನ ಮೀಟರ್, ಮರಳಿದಾಗಿನ ಮೀಟರ್, ಹೋಗುವಾಗಿನ ತೂಕ, ಬರುವಾಗಿನ ತೂಕ, ನಿಂತು ಕಾದ ಹೊತ್ತು. ಕಾದ ಹೊತ್ತನ್ನು ಬರೆಯಲು ಚಾಲಕರು ಹಿಂಜರಿಯುತ್ತಾರೆ. ಆದರೆ ಎಂಜಿನ್ ಆರಿಸದೆ ನಿಂತ ಪಿಕಪ್ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಸುಡಬಲ್ಲದು. ಮಂಡಿಯ ಗೇಟಿನ ಮುಂದಿನ ಸಾಲಿನಲ್ಲಿ ದಿನಕ್ಕೆ ಎರಡು ಗಂಟೆ ಹೀಗೆ ನಿಂತರೆ, ಮೇಲೆ ಹೇಳಿದ ಬಿಡುವಿನ ದಿನದ ಟ್ರೇಲರ್ ನಷ್ಟಕ್ಕೆ ಸಮನಾಯಿತು. ನಿಂತಾಗ ಎಂಜಿನ್ ಆರಿಸಿರೆಂದು 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಹೇಳುತ್ತಲೇ ಬಂದಿದೆ. ಟೈರಿನ ಗಾಳಿಯನ್ನೂ ವಾರಕ್ಕೊಮ್ಮೆ, ತಣ್ಣಗಿರುವಾಗ ನೋಡಿಸಬೇಕು.

ಮೂರು ತಿಂಗಳ ನಂತರ ನಮ್ಮ ಗ್ರಾಹಕರು ಉದ್ದನೆಯ ಕೆಂಪು ರಟ್ಟಿನ ಪುಸ್ತಕವೊಂದನ್ನು ಹಿಡಿದು ಬಂದರು. ಮೊದಲ ಹದಿನೈದು ದಿನದ ಸಾಲುಗಳು ಅಚ್ಚುಕಟ್ಟಾಗಿದ್ದವು, ನಂತರ ಒಂದು ವಾರ ಏನೂ ಇರಲಿಲ್ಲ, ಆಮೇಲೆ ಬೇರೆ ಕೈಬರಹ. ಪುಸ್ತಕ ಬರೆಯಲು ಚಾಲಕರು ಒಪ್ಪದ್ದರಿಂದ, ಪಿಯುಸಿ ಓದುತ್ತಿರುವ ಮಗಳಿಗೆ ಆ ಕೆಲಸ ವಹಿಸಿದ್ದಾರಂತೆ. ಆಕೆ ತಾನಾಗಿಯೇ ಒಂದು ಹೊಸ ಅಂಕಣ ಎಳೆದಿದ್ದಳು: 'ಖಾಲಿ ಬಂದ ಕಾರಣ'. ಅದರಲ್ಲಿ ಅತಿ ಹೆಚ್ಚು ಬಾರಿ ಕಂಡ ಉತ್ತರ, "ಕ್ರಷರ್ ಮುಚ್ಚಿತ್ತು" ಎಂಬುದಲ್ಲ. "ಕಟ್ಟಡದ ಹತ್ತಿರ ಇಳಿಸುವವರು ಇರಲಿಲ್ಲ, ಹೊತ್ತಾಯಿತು" ಎಂಬುದು. ಬ್ಲಾಕ್ ಇಳಿಸುವ ಆಳುಗಳನ್ನು ಗಿರಾಕಿಗಳು ಬೆಳಿಗ್ಗೆಯೇ ಸಿದ್ಧವಿಟ್ಟುಕೊಳ್ಳಬೇಕೆಂದೂ, ಒಂದು ಗಂಟೆ ಮೀರಿದರೆ ಕಾಯುವ ಶುಲ್ಕ ಕೊಡಬೇಕೆಂದೂ ಬಿಲ್ಲಿನ ಕೆಳಗೆ ಅಚ್ಚು ಹಾಕಿಸುವ ಒಕ್ಕಣೆಯನ್ನು ಆ ದಿನ ಕುಳಿತು ಬರೆದೆವು.